ಜೋಸೆಫ್ ಲಿಸ್ಟರ್ (1827-1912): ಆಸ್ಪತ್ರೆಯ ನಂಜನ್ನು ತಡೆದ ಶಸ್ತ್ರವೈದ್ಯರ ಜೀವನ ಪರಿಚಯ

ಶಸ್ತ್ರಚಿಕಿತ್ಸೆಗೆ ಒಳಗಾಗುವ ರೋಗಿಯ ಚರ್ಮವನ್ನು ಮೊದಲು ಔಷಧದ್ರಾವಣದಿಂದ ಒರೆಸಲಾಗುತ್ತದೆ. ವೈದ್ಯರು ಮತ್ತು ಶುಶ್ರೂಷಕರು ಕೈಗಳನ್ನು ನಿಯಮಾನುಸಾರ ತೊಳೆದು ಕೈಗವಸು ಧರಿಸುತ್ತಾರೆ. ಉಪಕರಣಗಳು ಹಬೆಯಲ್ಲಿ ಶುದ್ಧಗೊಂಡು ಮೊಹರಾದ ಕಟ್ಟುಗಳಲ್ಲಿ ಬರುತ್ತವೆ. ಆಸ್ಪತ್ರೆಗೆ ಬರುವ ಸಾರ್ವಜನಿಕರು ಇವೆಲ್ಲವನ್ನೂ ಸಹಜ ಕ್ರಮವೆಂದೇ ಭಾವಿಸುತ್ತಾರೆ. ಆದರೆ 1860ರ ದಶಕದವರೆಗೂ ಯುರೋಪಿನ ದೊಡ್ಡ ಆಸ್ಪತ್ರೆಗಳಲ್ಲಿ ಇವುಗಳಲ್ಲಿ ಯಾವೊಂದೂ ರೂಢಿಯಲ್ಲಿರಲಿಲ್ಲ. ಕೈ ಅಥವಾ ಕಾಲು ಕತ್ತರಿಸಿಕೊಂಡ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಶಸ್ತ್ರಕ್ರಿಯೆಯ ನೋವಿನಿಂದಲ್ಲ, ಅನಂತರ ವಾರ್ಡಿನಲ್ಲಿ ತಗಲುತ್ತಿದ್ದ ನಂಜಿನಿಂದ ಸಾಯುತ್ತಿದ್ದರು. ಈ ಸ್ಥಿತಿಯನ್ನು ಬದಲಿಸಲು ಕಾರಣರಾದವರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಅವರು ಪ್ರಮುಖರು.

ಜನನ ಮತ್ತು ವಿದ್ಯಾಭ್ಯಾಸ

ಜೋಸೆಫ್ ಲಿಸ್ಟರ್ ಅವರು 1827ರ ಏಪ್ರಿಲ್ 5ರಂದು ಲಂಡನ್ ನಗರದ ಸಮೀಪವಿದ್ದ ಎಸೆಕ್ಸ್ ಪ್ರಾಂತದ ಅಪ್ಟನ್ ಎಂಬಲ್ಲಿ ಜನಿಸಿದರು. ಅವರ ಕುಟುಂಬದವರು ಸರಳ ಉಡುಗೆ, ಮೌನ ಪ್ರಾರ್ಥನೆ ಹಾಗೂ ಶಾಂತಿಯ ನಿಲುವಿಗೆ ಹೆಸರಾದ ಕ್ವೇಕರ್ ಪಂಥಕ್ಕೆ ಸೇರಿದವರು. ತಂದೆ ಜೋಸೆಫ್ ಜಾಕ್ಸನ್ ಲಿಸ್ಟರ್ ಅವರು ವೃತ್ತಿಯಿಂದ ದ್ರಾಕ್ಷಾರಸದ ವ್ಯಾಪಾರಿಗಳು. ಪ್ರವೃತ್ತಿಯಿಂದ ಸೂಕ್ಷ್ಮದರ್ಶಕದ ಸಂಶೋಧಕರು. ಆ ಕಾಲದ ಸೂಕ್ಷ್ಮದರ್ಶಕಗಳಲ್ಲಿ ಕಾಣುವ ವಸ್ತುವಿನ ಅಂಚಿನಲ್ಲಿ ಬಣ್ಣದ ಛಾಯೆ ಕವಿದು ಚಿತ್ರ ಮಸುಕಾಗುತ್ತಿತ್ತು. ಮಸೂರಗಳನ್ನು ತಕ್ಕ ಅಂತರದಲ್ಲಿ ಜೋಡಿಸಿ ಈ ದೋಷವನ್ನು ನಿವಾರಿಸುವ ಕ್ರಮವನ್ನು ಅವರು ಕಂಡುಹಿಡಿದರು. ಇದಕ್ಕಾಗಿ 1832ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಅವರಿಗೆ ದೊರೆಯಿತು. ಬರಿಗಣ್ಣಿಗೆ ಕಾಣದ ಜೀವಿಗಳ ಲೋಕವೊಂದಿದೆ ಎಂಬುದನ್ನು ಇತರ ಶಸ್ತ್ರವೈದ್ಯರು ನಂಬಲು ಹಿಂಜರಿಯುತ್ತಿದ್ದ ಕಾಲದಲ್ಲಿ, ಲಿಸ್ಟರ್ ಅವರು ಬಾಲ್ಯದಿಂದಲೇ ಆ ಲೋಕವನ್ನು ಮನೆಯ ಮೇಜಿನ ಮೇಲೆ ಕಂಡಿದ್ದರು.

ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳು ಅಂದು ಆಂಗ್ಲಿಕನ್ ಚರ್ಚಿಗೆ ಸೇರದವರಿಗೆ ಪದವಿ ನೀಡುತ್ತಿರಲಿಲ್ಲ. ಆದುದರಿಂದ ಲಿಸ್ಟರ್ ಅವರು ಯಾವ ಪಂಥದವರಿಗೂ ಬಾಗಿಲು ತೆರೆದಿದ್ದ ಲಂಡನ್ನಿನ ಯೂನಿವರ್ಸಿಟಿ ಕಾಲೇಜನ್ನು ಸೇರಿ, 1847ರಲ್ಲಿ ಕಲಾ ಪದವಿಯನ್ನೂ 1852ರಲ್ಲಿ ವೈದ್ಯಕೀಯ ಪದವಿಯನ್ನೂ ಪಡೆದರು. ನಡುವೆ ಸಿಡುಬು ತಗಲಿ, ಅನಂತರ ಮನಸ್ಸಿನ ಸ್ಥೈರ್ಯವೂ ಕುಗ್ಗಿ, ಕೆಲಕಾಲ ವ್ಯಾಸಂಗ ನಿಲ್ಲಿಸಬೇಕಾಯಿತು.

ಅವರು ವಿದ್ಯಾರ್ಥಿಯಾಗಿದ್ದ ಕಾಲದಲ್ಲಿಯೇ, 1846ರ ಡಿಸೆಂಬರ್ 21ರಂದು, ಅದೇ ಕಾಲೇಜಿನ ಆಸ್ಪತ್ರೆಯಲ್ಲಿ ರಾಬರ್ಟ್ ಲಿಸ್ಟನ್ ಎಂಬ ಶಸ್ತ್ರವೈದ್ಯರು ಈಥರ್ ಬಳಸಿ, ರೋಗಿಗೆ ನೋವು ತಿಳಿಯದಂತೆ ಕಾಲನ್ನು ಕತ್ತರಿಸಿದರು. ಅರಿವಳಿಕೆ ಬಂದ ಮೇಲೆ ಶಸ್ತ್ರವೈದ್ಯರು ಅವಸರಪಡಬೇಕಾದ ಅಗತ್ಯ ತಪ್ಪಿತು. ಹೆಚ್ಚು ಶಸ್ತ್ರಕ್ರಿಯೆಗಳು ನಡೆಯತೊಡಗಿದವು. ಆದರೆ ಗಾಯದ ನಂಜಿಗೆ ಮಾತ್ರ ಪರಿಹಾರವಿರಲಿಲ್ಲ. ನೋವಿನ ಅಡ್ಡಿ ಕಳೆದುದರಿಂದ ಶಸ್ತ್ರಕ್ರಿಯೆ ಹೆಚ್ಚಿತು, ಶಸ್ತ್ರಕ್ರಿಯೆ ಹೆಚ್ಚಿದಂತೆ ನಂಜಿನ ಸಾವುಗಳೂ ಹೆಚ್ಚಿದವು ಎಂಬುದು ಆ ಕಾಲದ ಒಂದು ವಿಪರ್ಯಾಸ.

1853ರಲ್ಲಿ ಲಿಸ್ಟರ್ ಅವರು ಹೆಸರಾಂತ ಶಸ್ತ್ರವೈದ್ಯ ಜೇಮ್ಸ್ ಸೈಮ್ ಅವರ ಕೆಲಸವನ್ನು ನೋಡಲು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ತೆರಳಿದರು. ಒಂದು ತಿಂಗಳ ಮಟ್ಟಿಗೆಂದು ಹೋದವರು ಏಳು ವರ್ಷ ಅಲ್ಲಿಯೇ ಉಳಿದರು. 1856ರಲ್ಲಿ ಸೈಮ್ ಅವರ ಮಗಳು ಆಗ್ನೆಸ್ ಅವರನ್ನು ವಿವಾಹವಾದರು. ಪಂಥದ ಹೊರಗೆ ವಿವಾಹವಾಗುವವರಿಗೆ ಕ್ವೇಕರ್ ಸಮುದಾಯದಲ್ಲಿ ಸ್ಥಾನವಿರಲಿಲ್ಲವಾದ್ದರಿಂದ ಲಿಸ್ಟರ್ ಅವರು ಅದನ್ನು ತೊರೆದರು. ಆಗ್ನೆಸ್ ಅವರು ಪತಿಯ ಪ್ರಯೋಗಗಳಲ್ಲಿ ಸಹಾಯಕರಾಗಿಯೂ ಲಿಪಿಕಾರರಾಗಿಯೂ ಮೂವತ್ತೇಳು ವರ್ಷ ದುಡಿದರು. ಲಿಸ್ಟರ್ ಅವರ ಪ್ರಯೋಗದ ದಿನಚರಿ ಪುಸ್ತಕಗಳಲ್ಲಿ ಬಹುಭಾಗ ಆಕೆಯ ಕೈಬರಹದಲ್ಲಿದೆ. ಇದೇ ಲಿಸ್ಟರ್ ಅವರು ಮಹಿಳೆಯರಿಗೆ ವೈದ್ಯಕೀಯ ಶಿಕ್ಷಣ ನೀಡುವುದನ್ನು ವಿರೋಧಿಸಿದವರಲ್ಲಿ ಒಬ್ಬರಾಗಿದ್ದರು ಎಂಬುದನ್ನೂ ಇಲ್ಲಿ ಹೇಳದೆ ಬಿಡುವಂತಿಲ್ಲ.

ಗ್ಲಾಸ್ಗೋ ನಗರದ ವಾರ್ಡುಗಳು

1860ರಲ್ಲಿ ಲಿಸ್ಟರ್ ಅವರು ಗ್ಲಾಸ್ಗೋ ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಾ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಮರುವರ್ಷ ಅಲ್ಲಿನ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯ ಹೊಸ ಶಸ್ತ್ರಚಿಕಿತ್ಸಾ ಕಟ್ಟಡದ ವಾರ್ಡುಗಳು ಅವರ ಹೊಣೆಗೆ ಬಂದವು. ಗ್ಲಾಸ್ಗೋ ಅಂದು ಕಾರ್ಖಾನೆ, ಹಡಗುಕಟ್ಟೆ ಮತ್ತು ಕಲ್ಲಿದ್ದಲಿನ ನಗರ. ಯಂತ್ರಕ್ಕೆ ಸಿಕ್ಕಿದವರು, ಮೇಲಿನಿಂದ ಬಿದ್ದವರು, ಬಂಡಿಯ ಚಕ್ರ ಹರಿದವರು ದಿನನಿತ್ಯ ಅಪಘಾತ ವಾರ್ಡಿಗೆ ಬರುತ್ತಿದ್ದರು.

ಮೂಳೆ ಮುರಿತದಲ್ಲಿ ಎರಡು ಬಗೆ. ಚರ್ಮ ಹರಿಯದೆ ಒಳಗೇ ಮೂಳೆ ಮುರಿದಿದ್ದರೆ ಅದು ಮುಚ್ಚಿದ ಮುರಿತ. ದಬ್ಬೆ ಕಟ್ಟಿ ಅಲುಗದಂತೆ ಇರಿಸಿದರೆ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಮುರಿದ ಮೂಳೆ ಚರ್ಮವನ್ನು ಸೀಳಿ ಹೊರಬಂದಿದ್ದರೆ, ಅಥವಾ ಮುರಿತದ ಜಾಗದವರೆಗೆ ಗಾಯ ತೆರೆದಿದ್ದರೆ, ಅದು ತೆರೆದ ಮುರಿತ. ಅಂದು ಈ ಎರಡನೆಯ ಬಗೆಯ ರೋಗಿಯ ಗಾಯ ಕೆಲವೇ ದಿನಗಳಲ್ಲಿ ಕೀವಾಗಿ ದುರ್ನಾತ ಬೀರುತ್ತಿತ್ತು. ಆದಕಾರಣ ಬಹುತೇಕ ಶಸ್ತ್ರವೈದ್ಯರು ಕಾಯದೆ ಕಾಲನ್ನೇ ಕತ್ತರಿಸುತ್ತಿದ್ದರು. ಕತ್ತರಿಸಿದ ಗಾಯವೂ ನಂಜಾಗುತ್ತಿತ್ತು. ದುಡಿದು ತಿನ್ನುವ ಕೂಲಿಕಾರನಿಗೆ ಕಾಲು ಹೋದರೆ ಜೀವನೋಪಾಯ ಹೋದಂತೆ. ಕಾಲನ್ನು ಉಳಿಸಿಕೊಳ್ಳಲು ಹೋದರೆ ಜೀವವೇ ಹೋಗುವ ಸಂಭವ. ಮುರಿತ ಒಂದೇ ಆಗಿದ್ದರೂ ಚರ್ಮ ಹರಿದಿದೆಯೇ ಇಲ್ಲವೇ ಎಂಬುದರ ಮೇಲೆ ಬದುಕು ನಿರ್ಧಾರವಾಗುತ್ತಿತ್ತು. ಈ ವ್ಯತ್ಯಾಸವೇ ಲಿಸ್ಟರ್ ಅವರನ್ನು ಬಹುಕಾಲ ಕಾಡಿದ ಪ್ರಶ್ನೆಯಾಗಿತ್ತು.

ಕೀವಿನ ವಿಷ ರಕ್ತಕ್ಕೆ ಸೇರಿ ಬರುವ ಜ್ವರ, ಚರ್ಮ ಕೆಂಪೇರಿ ಹರಡುವ ವಿಸರ್ಪ, ಮಾಂಸ ಕರಗಿ ಕೊಳೆಯುವ ಆಸ್ಪತ್ರೆ ಗ್ಯಾಂಗ್ರಿನ್, ಇವು ಆ ವಾರ್ಡುಗಳ ನಿತ್ಯದ ರೋಗಗಳಾಗಿದ್ದವು. ಕೆಟ್ಟ ಗಾಳಿಯೇ ಇವುಗಳಿಗೆ ಕಾರಣವೆಂದು ಸಾಮಾನ್ಯವಾಗಿ ನಂಬಲಾಗಿತ್ತು. ಕಟ್ಟಡವೇನೋ ಹೊಸದು; ಆದರೆ ಲಿಸ್ಟರ್ ಅವರ ವಾರ್ಡುಗಳ ಸಾವಿನ ಪ್ರಮಾಣ ಅತಿ ಹೆಚ್ಚಾಗಿತ್ತು. ನೆಲಮಹಡಿಯ ವಾರ್ಡಿನ ಹೊರಗೆ ಅಗೆದು ನೋಡಿದಾಗ, 1849ರ ಕಾಲರಾ ಪಿಡುಗಿನಲ್ಲಿ ಮಡಿದವರ ಶವಪೆಟ್ಟಿಗೆಗಳು ನೆಲಮಟ್ಟದಿಂದ ಕೆಲವೇ ಅಂಗುಲ ಕೆಳಗೆ ಸಾಲಾಗಿ ಹೂಳಲ್ಪಟ್ಟಿದ್ದುದು ಕಂಡುಬಂದಿತು.

ಆ ಕಾಲದ ಶಸ್ತ್ರವೈದ್ಯರು ರಕ್ತ ಮೆತ್ತಿ ಗಟ್ಟಿಯಾದ ಹಳೆಯ ಕೋಟನ್ನೇ ಧರಿಸಿ ಶಸ್ತ್ರಕ್ರಿಯೆ ನಡೆಸುತ್ತಿದ್ದರು. ಶವ ಪರೀಕ್ಷೆಯ ಕೊಠಡಿಯಿಂದ ನೇರವಾಗಿ ವಾರ್ಡಿಗೆ ಬರುವುದೂ ಒಂದೇ ಸ್ಪಂಜಿನಿಂದ ಹಲವರ ಗಾಯ ತೊಳೆಯುವುದೂ ಸಾಮಾನ್ಯವಾಗಿತ್ತು. ಗಾಯದಲ್ಲಿ ಗಟ್ಟಿ ಬಿಳಿ ಕೀವು ಬಂದರೆ ಅದು ಗುಣವಾಗುವ ಲಕ್ಷಣವೆಂದೇ ಎಣಿಸಲಾಗುತ್ತಿತ್ತು.

ಪಾಶ್ಚರ್ ಸಂಶೋಧನೆಯ ಪರಿಚಯ

1865ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಥಾಮಸ್ ಆಂಡರ್ಸನ್ ಅವರು ಫ್ರಾನ್ಸಿನ ಲೂಯಿ ಪಾಶ್ಚರ್ ಅವರ ಲೇಖನಗಳನ್ನು ಲಿಸ್ಟರ್ ಅವರ ಗಮನಕ್ಕೆ ತಂದರು. ಹಾಲು ಒಡೆಯುವುದು, ದ್ರಾಕ್ಷಾರಸ ಹುಳಿಯಾಗುವುದು, ಮಾಂಸ ಕೊಳೆಯುವುದು ಇವೆಲ್ಲ ಬರಿಯ ಗಾಳಿಯಿಂದ ಆಗುವುದಿಲ್ಲ. ಗಾಳಿಯ ಧೂಳಿನಲ್ಲಿರುವ ಸೂಕ್ಷ್ಮಜೀವಿಗಳಿಂದ ಆಗುತ್ತವೆ ಎಂದು ಪಾಶ್ಚರ್ ಅವರು ತೋರಿಸಿದ್ದರು. ಇದನ್ನು ಓದಿದಾಗ ಲಿಸ್ಟರ್ ಅವರಿಗೆ ತಮ್ಮ ಹಳೆಯ ಪ್ರಶ್ನೆಗೆ ಉತ್ತರ ದೊರೆತಂತಾಯಿತು. ಮುಚ್ಚಿದ ಮುರಿತದಲ್ಲಿ ಚರ್ಮವು ಕವಚದಂತೆ ನಿಂತು ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ; ತೆರೆದ ಮುರಿತದಲ್ಲಿ ಆ ಕವಚ ಹರಿದಿರುತ್ತದೆ. ಹರಿದ ಚರ್ಮದ ಬದಲಿಗೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ರಾಸಾಯನಿಕದ ಕವಚವೊಂದನ್ನು ಒದಗಿಸಿದರೆ ತೆರೆದ ಮುರಿತವೂ ಮುಚ್ಚಿದ ಮುರಿತದಂತೆಯೇ ಗುಣವಾಗಬೇಕು. ಅವರ ತರ್ಕ ಇಷ್ಟೇ ಆಗಿತ್ತು.

ಪಾಶ್ಚರ್ ಅವರು ಸೂಕ್ಷ್ಮಜೀವಿಗಳನ್ನು ನಾಶಪಡಿಸಲು ಕಾಯಿಸುವುದನ್ನೂ ಸೋಸುವುದನ್ನೂ ಬಳಸಿದ್ದರು. ರೋಗಿಯ ಕಾಲನ್ನು ಕಾಯಿಸಲಾಗದು, ಸೋಸಲೂ ಆಗದು. ಆಗ ಲಿಸ್ಟರ್ ಅವರಿಗೆ ಇಂಗ್ಲೆಂಡಿನ ಕಾರ್ಲೈಲ್ ಪಟ್ಟಣದ ವರದಿಯೊಂದು ನೆನಪಾಯಿತು. ಅಲ್ಲಿನ ಚರಂಡಿ ನೀರಿಗೆ ಕಲ್ಲಿದ್ದಲ ಡಾಂಬರಿನಿಂದ ಪಡೆಯುವ ಕಾರ್ಬಾಲಿಕ್ ಆಮ್ಲವನ್ನು ಬೆರೆಸಿದಾಗ ದುರ್ನಾತ ನಿಂತುದಲ್ಲದೆ, ಆ ನೀರು ಹರಿದ ಹುಲ್ಲುಗಾವಲಿನಲ್ಲಿ ಮೇಯುವ ದನಗಳ ರೋಗವೂ ನಿಂತಿತ್ತು. ನಂಜಾದ ಗಾಯದ ನಾತವೂ ಚರಂಡಿಯ ನಾತವೂ ಕೊಳೆಯುವಿಕೆಯ ಫಲವೇ ಆದುದರಿಂದ ಇದನ್ನೇ ಪ್ರಯೋಗಿಸಲು ಅವರು ನಿರ್ಧರಿಸಿದರು. ಫಿನಾಲ್ ಎಂಬ ಹೆಸರಿನಿಂದ ಇಂದು ಪರಿಚಿತವಾಗಿರುವ ರಾಸಾಯನಿಕ ಇದೇ.

ಮೊದಲ ಪ್ರಯೋಗವನ್ನು 1865ರ ಮಾರ್ಚ್ ತಿಂಗಳಲ್ಲಿ ಕಾಲಿನ ತೆರೆದ ಮುರಿತದ ರೋಗಿಯೊಬ್ಬನಿಗೆ ಮಾಡಲಾಯಿತು. ಅದು ವಿಫಲವಾಯಿತು. ವಿಧಾನವನ್ನು ತಾವು ಸರಿಯಾಗಿ ನಿರ್ವಹಿಸದಿದ್ದುದೇ ಕಾರಣವೆಂದು ಲಿಸ್ಟರ್ ಅವರು ಮುಂದೆ ಪ್ರಕಟಿಸಿದ ಲೇಖನದಲ್ಲಿ ತಾವಾಗಿಯೇ ಒಪ್ಪಿಕೊಂಡಿದ್ದಾರೆ.

ಎರಡನೆಯ ಅವಕಾಶ 1865ರ ಆಗಸ್ಟ್ 12ರಂದು ಬಂದಿತು. ಬಂಡಿಯ ಚಕ್ರ ಹರಿದು ಎಡಗಾಲು ಮುರಿದ 11 ವರ್ಷದ ಬಾಲಕನೊಬ್ಬನನ್ನು ಆಸ್ಪತ್ರೆಗೆ ತರಲಾಯಿತು. ಮುರಿತದ ಸಮೀಪದಲ್ಲಿಯೇ ಚರ್ಮ ಸೀಳಿತ್ತು. ಲಿಸ್ಟರ್ ಅವರು ಕಾಲನ್ನು ಕತ್ತರಿಸಲಿಲ್ಲ. ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಬಟ್ಟೆಯನ್ನು ಇರಿಸಿ, ಆಮ್ಲ ಆರಿಹೋಗದಂತೆ ಮೇಲೆ ತವರದ ತೆಳು ಹಾಳೆಯನ್ನು ಮುಚ್ಚಿ, ಎರಡೂ ಬದಿ ದಬ್ಬೆ ಕಟ್ಟಲಾಯಿತು. ನಾಲ್ಕು ದಿನ ಕಟ್ಟನ್ನು ಬಿಚ್ಚಲಿಲ್ಲ. ನಾಲ್ಕನೆಯ ದಿನವೆಂದರೆ ಸಾಮಾನ್ಯವಾಗಿ ಕೀವು ಮತ್ತು ನಾತ ಕಾಣಿಸಿಕೊಳ್ಳುವ ಹೊತ್ತು. ಬಿಚ್ಚಿ ನೋಡಿದಾಗ ಎರಡೂ ಇರಲಿಲ್ಲ. ಆಮ್ಲದ ಉರಿಯಿಂದ ಚರ್ಮ ಕೆಂಪಾಗಿತ್ತು, ಅಷ್ಟೇ. ಮತ್ತೆ ಅದೇ ರೀತಿ ಕಟ್ಟಲಾಯಿತು. ಮುಂದೆ ಉರಿ ತಗ್ಗಿಸಲು ಆಮ್ಲವನ್ನು ತೆಳುಗೊಳಿಸಲಾಯಿತು. ಆರು ವಾರಗಳಲ್ಲಿ ಮೂಳೆ ಕೂಡಿಕೊಂಡು, ಬಾಲಕನು ತನ್ನ ಎರಡು ಕಾಲುಗಳ ಮೇಲೆ ನಡೆದು ಮನೆಗೆ ಹೋದನು.

ಈ ದಿನಾಂಕದ ಸಂಬಂಧದಲ್ಲಿ ಒಂದು ಆಕಸ್ಮಿಕವನ್ನು ಗಮನಿಸಬಹುದು. ಬಾಲಕ ಆಸ್ಪತ್ರೆಗೆ ಬಂದ ಮರುದಿನವೇ, 1865ರ ಆಗಸ್ಟ್ 13ರಂದು, ಹಂಗೇರಿಯ ವೈದ್ಯ ಇಗ್ನಾಜ್ ಸೆಮ್ಮಲ್ವೈಸ್ ಅವರು ವಿಯೆನ್ನಾದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಗಾಯದ ನಂಜಿನಿಂದಲೇ ನಿಧನರಾದರು. ವೈದ್ಯರು ಶವ ಪರೀಕ್ಷೆಯಿಂದ ಬಂದು ಕೈ ತೊಳೆಯದೆ ಹೆರಿಗೆ ಮಾಡಿಸುವುದೇ ಬಾಣಂತಿ ಜ್ವರಕ್ಕೆ ಕಾರಣವೆಂದು ಅವರು 1847ರಲ್ಲೇ ಕಂಡುಕೊಂಡು, ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯಗೊಳಿಸಿದ್ದರು. ವಿಯೆನ್ನಾದ ಅವರ ಹೆರಿಗೆ ವಿಭಾಗದಲ್ಲಿ 1846ರಲ್ಲಿ ಶೇ. 11ಕ್ಕೂ ಹೆಚ್ಚಿದ್ದ ತಾಯಂದಿರ ಸಾವು 1848ರಲ್ಲಿ ಶೇ. 1.3ರ ಆಸುಪಾಸಿಗೆ ಇಳಿದಿತ್ತು. ಆದರೂ ಹಿರಿಯ ವೈದ್ಯರು ಅದನ್ನು ಒಪ್ಪಲಿಲ್ಲ. ಗ್ಲಾಸ್ಗೋದಲ್ಲಿದ್ದ ಲಿಸ್ಟರ್ ಅವರಿಗೆ ಸೆಮ್ಮಲ್ವೈಸ್ ಅವರ ಕಾರ್ಯದ ಸುದ್ದಿಯೇ ತಿಳಿದಿರಲಿಲ್ಲ.

ಪ್ರಕಟಣೆ ಮತ್ತು ಅಂಕಿಅಂಶಗಳು

1867ರ ಮಾರ್ಚ್‌ನಿಂದ ಜುಲೈವರೆಗೆ ಲಿಸ್ಟರ್ ಅವರು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮ ವಿಧಾನವನ್ನು ಕುರಿತು ಲೇಖನಮಾಲೆಯನ್ನು ಪ್ರಕಟಿಸಿದರು. ಅದರಲ್ಲಿ 11 ತೆರೆದ ಮುರಿತಗಳ ವಿವರವಿತ್ತು. ಒಂಬತ್ತು ಮಂದಿ ಅಂಗ ಉಳಿಸಿಕೊಂಡು ಗುಣಮುಖರಾದರು. ಒಬ್ಬನಿಗೆ ಗ್ಯಾಂಗ್ರಿನ್ ತಗಲಿ ಕಾಲು ಕತ್ತರಿಸಬೇಕಾಯಿತು. ಇನ್ನೊಬ್ಬನು, ಗಾಯ ಚೇತರಿಸುತ್ತಿದ್ದಾಗ ಮೂಳೆಯ ಚೂರೊಂದು ರಕ್ತನಾಳವನ್ನು ಚುಚ್ಚಿದ ಕಾರಣ ರಕ್ತಸ್ರಾವದಿಂದ ಮೃತಪಟ್ಟನು. ಸಫಲವಾದವುಗಳಷ್ಟೇ ವಿವರವಾಗಿ ವಿಫಲವಾದವುಗಳನ್ನೂ ಬರೆದಿರುವುದು ಈ ಲೇಖನಮಾಲೆಯ ವಿಶೇಷ. ಓದಿದ ಬೇರೊಬ್ಬ ವೈದ್ಯರು ಎಲ್ಲಿ ತಪ್ಪಬಹುದು ಎಂಬುದನ್ನು ಅದರಿಂದಲೇ ತಿಳಿಯಬಹುದಾಗಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಡಬ್ಲಿನ್ ನಗರದಲ್ಲಿ ನಡೆದ ಬ್ರಿಟಿಷ್ ವೈದ್ಯಕೀಯ ಸಂಘದ ಸಭೆಯಲ್ಲಿ, ಒಂಬತ್ತು ತಿಂಗಳಿನಿಂದ ತಮ್ಮ ವಾರ್ಡುಗಳಲ್ಲಿ ರಕ್ತದ ನಂಜಾಗಲಿ ಗ್ಯಾಂಗ್ರಿನ್ ಆಗಲಿ ವಿಸರ್ಪವಾಗಲಿ ಒಂದೂ ಕಂಡುಬಂದಿಲ್ಲವೆಂದು ಅವರು ತಿಳಿಸಿದರು.

ಆ ವರ್ಷದ ಜೂನ್ ತಿಂಗಳಿನಲ್ಲಿ ಇನ್ನೊಂದು ಘಟನೆ ನಡೆದಿತ್ತು. ಲಿಸ್ಟರ್ ಅವರ ಸೋದರಿ ಇಸಾಬೆಲ್ಲಾ ಅವರಿಗೆ ಸ್ತನದ ಕ್ಯಾನ್ಸರ್ ಕಾಣಿಸಿಕೊಂಡಿತು. ಲಿಸ್ಟರ್ ಅವರು ಗ್ಲಾಸ್ಗೋದ ತಮ್ಮ ಮನೆಯಲ್ಲಿಯೇ, ಕಾರ್ಬಾಲಿಕ್ ಆಮ್ಲದ ರಕ್ಷಣೆಯಲ್ಲಿ, ಸ್ವತಃ ಶಸ್ತ್ರಕ್ರಿಯೆ ನಡೆಸಿದರು. ಗಾಯ ನಂಜಾಗದೆ ಮಾಯಿತು. ರೋಗ ಮರುಕಳಿಸುವವರೆಗೆ ಅವರು ಸುಮಾರು ಮೂರು ವರ್ಷ ಬದುಕಿದರು. ಹೊಸ ವಿಧಾನದ ಬಗ್ಗೆ ಲಿಸ್ಟರ್ ಅವರಿಗೆ ಎಷ್ಟು ವಿಶ್ವಾಸವಿತ್ತು ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗಿಲ್ಲ.

1870ರಲ್ಲಿ ಪ್ರಕಟಿಸಿದ ಮತ್ತೊಂದು ಲೇಖನದಲ್ಲಿ ಅವರು ಅಂಗಚ್ಛೇದನದ ಲೆಕ್ಕವನ್ನು ನೀಡಿದರು. ಹೊಸ ವಿಧಾನ ರೂಢಿಗೆ ಬರುವ ಮೊದಲು, 1864 ಮತ್ತು 1866ರ ಎರಡು ವರ್ಷಗಳಲ್ಲಿ, 35 ರೋಗಿಗಳ ಪೈಕಿ 16 ಮಂದಿ ಮೃತಪಟ್ಟಿದ್ದರು. ರೂಢಿಗೆ ಬಂದ ಮೇಲೆ 1867ರಿಂದ 1869ರವರೆಗೆ 40 ರೋಗಿಗಳ ಪೈಕಿ ಮೃತಪಟ್ಟವರು 6 ಮಂದಿ. ಅಂದರೆ ಸಾವಿನ ಪ್ರಮಾಣ ಸುಮಾರು ಶೇ. 46ರಿಂದ ಶೇ. 15ಕ್ಕೆ ಇಳಿದಿತ್ತು. ತೃಪ್ತಿಕರವಾದ ಹೋಲಿಕೆಗೆ ಈ ಸಂಖ್ಯೆಗಳು ಸಾಲವೆಂಬ ಎಚ್ಚರಿಕೆಯನ್ನೂ ಲಿಸ್ಟರ್ ಅವರೇ ಅದೇ ಲೇಖನದಲ್ಲಿ ನೀಡಿದ್ದಾರೆ. ಇಂದಿನ ವೈದ್ಯಕೀಯ ಸಂಶೋಧನೆಯ ಅಳತೆಗೋಲಿನಿಂದ ನೋಡಿದರೆ ಇದು ಹಿಂದಿನ ಮತ್ತು ಮುಂದಿನ ವರ್ಷಗಳ ಹೋಲಿಕೆ ಮಾತ್ರ. ಏಕಕಾಲದಲ್ಲಿ ಎರಡು ಗುಂಪುಗಳನ್ನು ಚೀಟಿ ಎತ್ತಿದಂತೆ ವಿಂಗಡಿಸಿ ನಡೆಸಿದ ಪರೀಕ್ಷೆಯಲ್ಲ. ಆಸ್ಪತ್ರೆಯ ಆಡಳಿತ ಮಂಡಳಿಯು ಇದೇ ಲೇಖನವನ್ನು ಆಕ್ಷೇಪಿಸಿತು. ವಾರ್ಡುಗಳ ಆರೋಗ್ಯ ಸುಧಾರಿಸಿದ್ದರೆ ಅದಕ್ಕೆ ಉತ್ತಮ ಗಾಳಿ, ಆಹಾರ ಮತ್ತು ಶುಶ್ರೂಷೆಯೇ ಕಾರಣವೆಂದು ಮಂಡಳಿಯ ವಾದವಾಗಿತ್ತು. ಆಕ್ಷೇಪಣೆಯಲ್ಲಿ ತಮ್ಮ ಸಂಸ್ಥೆಯ ಹೆಸರು ಕೆಟ್ಟಿತೆಂಬ ಬೇಸರವೂ ಬೆರೆತಿದ್ದಿರಬೇಕು. ಆದರೂ ಲೆಕ್ಕಕ್ಕೆ ಬೇರೆ ಕಾರಣವಿರಬಹುದೇ ಎಂದು ಕೇಳುವುದು ಅನ್ಯಾಯದ ಪ್ರಶ್ನೆಯಲ್ಲ.

ಕ್ಲೋರೋಫಾರ್ಮ್ ಅರಿವಳಿಕೆಯಿಂದ ಪ್ರಸಿದ್ಧರಾದ ಜೇಮ್ಸ್ ಯಂಗ್ ಸಿಂಪ್ಸನ್ ಅವರು ಲಿಸ್ಟರ್ ಅವರ ಪ್ರಬಲ ವಿರೋಧಿಗಳಾಗಿದ್ದರು. ಅವರು 1869ರಲ್ಲಿ ಪ್ರಕಟಿಸಿದ ಲೆಕ್ಕ ಬಹಳ ದೊಡ್ಡದು. ದೊಡ್ಡ ಆಸ್ಪತ್ರೆಗಳಲ್ಲಿ ನಡೆದ 2,089 ಅಂಗಚ್ಛೇದನಗಳಲ್ಲಿ 855 ಮಂದಿ ಮೃತಪಟ್ಟಿದ್ದರೆ, ಹಳ್ಳಿಗಾಡಿನಲ್ಲಿ ರೋಗಿಗಳ ಮನೆಗಳಲ್ಲಿಯೇ ನಡೆದ 2,098ರಲ್ಲಿ 226 ಮಂದಿ ಮಾತ್ರ ಮೃತಪಟ್ಟಿದ್ದರು. ಆಸ್ಪತ್ರೆಯೇ ರೋಗಕ್ಕೆ ಮೂಲ, ಆದುದರಿಂದ ದೊಡ್ಡ ಕಟ್ಟಡಗಳ ಬದಲು ಚಿಕ್ಕ ಚಿಕ್ಕ ಕುಟೀರಗಳನ್ನು ಕಟ್ಟಬೇಕು ಎಂಬುದು ಸಿಂಪ್ಸನ್ ಅವರ ನಿಲುವು. ಆಸ್ಪತ್ರೆಯನ್ನು ಕೆಡವುವುದು ಬೇಡ, ಗಾಯಕ್ಕೆ ಸೂಕ್ಷ್ಮಜೀವಿ ಸೇರದಂತೆ ನೋಡಿಕೊಂಡರೆ ಸಾಕು ಎಂಬುದು ಲಿಸ್ಟರ್ ಅವರ ನಿಲುವು. ರೋಗವನ್ನು ಗುರುತಿಸುವುದರಲ್ಲಿ ಇಬ್ಬರೂ ಸರಿಯಾಗಿಯೇ ಇದ್ದರು.

ವಿಧಾನದ ಬದಲಾವಣೆಗಳು

ಲಿಸ್ಟರ್ ಅವರು ತಮ್ಮ ತತ್ತ್ವವನ್ನು ಬಿಡಲಿಲ್ಲ. ಸಾಮಗ್ರಿಗಳನ್ನು ಮಾತ್ರ ಬದಲಿಸುತ್ತಲೇ ಹೋದರು. ಆಮ್ಲಕ್ಕೆ ಸೀಮೆಸುಣ್ಣದ ಪುಡಿ ಮತ್ತು ಅಗಸೆ ಎಣ್ಣೆ ಕಲಸಿ ಲಪ್ಪದಂತೆ ಹಚ್ಚಿದರು. ಬಳಿಕ ಭಾರತದಿಂದ ಯುರೋಪಿಗೆ ಹೋಗುತ್ತಿದ್ದ ಅರಗಿಗೆ ಆಮ್ಲ ಬೆರೆಸಿ ಪಟ್ಟಿ ತಯಾರಿಸಿದರು. ಅನಂತರ ಆಮ್ಲ, ರಾಳ ಹಾಗೂ ಪ್ಯಾರಾಫಿನ್ ಹೀರಿಸಿದ ತೆಳು ಹತ್ತಿಬಟ್ಟೆಯನ್ನು ಎಂಟು ಪದರವಾಗಿ ಮಡಚಿ ಬಳಸಿದರು. ಕೈ, ಉಪಕರಣ, ಸ್ಪಂಜು ಎಲ್ಲವನ್ನೂ ಆಮ್ಲದ ತೆಳು ದ್ರಾವಣದಲ್ಲಿ ಅದ್ದುವುದು ನಿಯಮವಾಯಿತು. ಇದರಿಂದ ಅವರ ಮತ್ತು ಸಹಾಯಕರ ಕೈಗಳ ಚರ್ಮ ಬಿಳಿಚಿ ಬಿರಿಯುತ್ತಿತ್ತು.

ರಕ್ತನಾಳ ಕಟ್ಟುವ ದಾರದ ಸುಧಾರಣೆಯೂ ಅವರದೇ. ಅಲ್ಲಿಯವರೆಗೆ ರೇಷ್ಮೆ ಅಥವಾ ನಾರಿನ ದಾರದಿಂದ ನಾಳವನ್ನು ಕಟ್ಟಿ, ತುದಿಯನ್ನು ಗಾಯದ ಹೊರಗೆ ಉದ್ದವಾಗಿ ಇಳಿಬಿಡಲಾಗುತ್ತಿತ್ತು. ಕೆಲವು ದಿನಗಳ ಬಳಿಕ ಅದು ಕೊಳೆತು ಕಳಚಿ ಬರುವಾಗ ರಕ್ತಸ್ರಾವವಾಗಿ ರೋಗಿ ಸಾಯುವುದುಂಟು. ಲಿಸ್ಟರ್ ಅವರು ಕುರಿಯ ಕರುಳಿನಿಂದ ಮಾಡಿದ ಕ್ಯಾಟ್‌ಗಟ್ ದಾರವನ್ನು ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿ, ಕರುವಿನ ಮೇಲೆ ಪರೀಕ್ಷಿಸಿ, ಅದು ದೇಹದೊಳಗೇ ಕರಗಿಹೋಗುವುದನ್ನು ಖಚಿತಪಡಿಸಿಕೊಂಡರು. ದಾರವನ್ನು ಹತ್ತಿರಕ್ಕೆ ಕತ್ತರಿಸಿ ಗಾಯವನ್ನು ಮುಚ್ಚುವುದು ಇದರಿಂದ ಸಾಧ್ಯವಾಯಿತು.

1869ರಲ್ಲಿ ಸೈಮ್ ಅವರ ಸ್ಥಾನಕ್ಕೆ ನೇಮಕಗೊಂಡು ಲಿಸ್ಟರ್ ಅವರು ಎಡಿನ್‌ಬರೋಗೆ ಮರಳಿದರು. ಗಾಳಿಯಲ್ಲಿನ ಸೂಕ್ಷ್ಮಜೀವಿಗಳನ್ನೂ ಕೊಲ್ಲಬೇಕೆಂದು ಶಸ್ತ್ರಕ್ರಿಯೆಯ ಉದ್ದಕ್ಕೂ ಆಮ್ಲದ ತುಂತುರು ಸಿಂಪಡಿಸುವ ಯಂತ್ರವನ್ನು ಅವರು ಬಳಕೆಗೆ ತಂದುದು ಇದೇ ಅವಧಿಯಲ್ಲಿ. 1871ರಲ್ಲಿ ಬಾಲ್ಮೋರಲ್ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯ ಕಂಕುಳಿನ ಕೀವುಗಡ್ಡೆಯನ್ನು ಕೊಯ್ದಾಗಲೂ ಈ ತುಂತುರನ್ನು ಬಳಸಲಾಯಿತು. ಕೀವು ಸರಿಯಾಗಿ ಹರಿದುಹೋಗದಿದ್ದುದನ್ನು ಕಂಡು ಲಿಸ್ಟರ್ ಅವರು ಸಿಂಪಡಿಸುವ ಯಂತ್ರದ ರಬ್ಬರ್ ನಳಿಕೆಯ ತುಂಡನ್ನೇ ಕತ್ತರಿಸಿ, ಶುದ್ಧಗೊಳಿಸಿ, ಗಾಯದೊಳಗೆ ಇರಿಸಿದರು.

ತುಂತುರು ಎಲ್ಲರ ಕಣ್ಣು, ಗಂಟಲು, ಶ್ವಾಸಕ್ಕೆ ಬಾಧಕವಾಗಿತ್ತು. ನಂಜು ಬಹುಮಟ್ಟಿಗೆ ಗಾಳಿಯಿಂದಲ್ಲ, ಕೈ ಮತ್ತು ಉಪಕರಣಗಳಿಂದ ಬರುತ್ತದೆಂದು ಮುಂದಿನ ಸಂಶೋಧನೆಗಳು ತೋರಿಸಿದವು. ಲಿಸ್ಟರ್ ಅವರು 1887ರಲ್ಲಿ ಅದನ್ನು ಕೈಬಿಟ್ಟರು. 1890ರಲ್ಲಿ ಬರ್ಲಿನ್ ನಗರದ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ, ಅಂಥದೊಂದನ್ನು ತಾವು ಶಿಫಾರಸು ಮಾಡಿದ್ದಕ್ಕಾಗಿ ನಾಚುವುದಾಗಿ ಎಲ್ಲರ ಮುಂದೆ ಒಪ್ಪಿಕೊಂಡರು. ಅಷ್ಟು ಕೀರ್ತಿ ಗಳಿಸಿದವರಿಂದ ಇಂಥ ಮಾತು ಬರುವುದು ಅಪರೂಪ.

ಇತರ ದೇಶಗಳಲ್ಲಿ

ಲಿಸ್ಟರ್ ಅವರ ವಿಧಾನವನ್ನು ಮೊದಲು ಮನಃಪೂರ್ವಕವಾಗಿ ಸ್ವೀಕರಿಸಿದವರು ಇಂಗ್ಲೆಂಡಿನವರಲ್ಲ, ಜರ್ಮನರು. 1870-71ರ ಫ್ರಾನ್ಸ್-ಪ್ರಶ್ಯಾ ಯುದ್ಧದಲ್ಲಿ ಗಾಯದ ನಂಜಿನಿಂದ ಸಾವಿರಾರು ಸೈನಿಕರು ಸಾಯುವುದನ್ನು ಜರ್ಮನ್ ಶಸ್ತ್ರವೈದ್ಯರು ಕಂಡಿದ್ದರು. ಹಾಲೆ ನಗರದ ರಿಚರ್ಡ್ ಫಾನ್ ಫೋಕ್‌ಮನ್ ಅವರು ತಮ್ಮ ಆಸ್ಪತ್ರೆಯನ್ನು ಮುಚ್ಚಿಸುವ ಯೋಚನೆಯಲ್ಲಿದ್ದವರು 1872ರ ಕೊನೆಯಲ್ಲಿ ಇದನ್ನು ಪರೀಕ್ಷಿಸಿ ಅದರ ಪ್ರಚಾರಕರಾದರು. ಮ್ಯೂನಿಕ್ ನಗರದ ನುಸ್‌ಬಾಮ್ ಅವರ ಆಸ್ಪತ್ರೆಯಲ್ಲಿ 1874ರ ವೇಳೆಗೆ ಗಾಯಗಳ ಪೈಕಿ ಸುಮಾರು ಶೇ. 80ರಷ್ಟಕ್ಕೆ ಗ್ಯಾಂಗ್ರಿನ್ ತಗಲುತ್ತಿತ್ತು. 1875ರಲ್ಲಿ ಹೊಸ ವಿಧಾನ ಜಾರಿಯಾದ ಮೇಲೆ ಅದು ಅಲ್ಲಿಂದ ಕಣ್ಮರೆಯಾಯಿತು.

ಅಮೆರಿಕದಲ್ಲಿ ಒಪ್ಪಿಗೆ ತಡವಾಯಿತು. 1876ರಲ್ಲಿ ಫಿಲಡೆಲ್ಫಿಯಾ ನಗರದ ಸಮ್ಮೇಳನದಲ್ಲಿ ಲಿಸ್ಟರ್ ಅವರು ದೀರ್ಘ ಉಪನ್ಯಾಸ ನೀಡಿದರೂ ಹಿರಿಯ ಶಸ್ತ್ರವೈದ್ಯರನೇಕರು ಒಪ್ಪಲಿಲ್ಲ. ಐದು ವರ್ಷಗಳ ಬಳಿಕ, 1881ರ ಜುಲೈ 2ರಂದು, ಆ ದೇಶದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಅವರಿಗೆ ಗುಂಡೇಟು ಬಿದ್ದಿತು. ಗುಂಡನ್ನು ಹುಡುಕಲು ವೈದ್ಯರು ಒಬ್ಬರ ನಂತರ ಒಬ್ಬರು ಶುದ್ಧಗೊಳಿಸದ ಬೆರಳು ಮತ್ತು ಸಲಾಕೆಗಳನ್ನು ಗಾಯದೊಳಗೆ ತೂರಿಸಿದರು. ಗಾಯ ನಂಜಾಗಿ, ಎಂಬತ್ತು ದಿನಗಳ ಬಾಧೆಯ ನಂತರ, ಸೆಪ್ಟೆಂಬರ್ 19ರಂದು ಅವರು ನಿಧನರಾದರು.

1877ರಲ್ಲಿ ಲಿಸ್ಟರ್ ಅವರು ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದರು. ಎಡಿನ್‌ಬರೋದಲ್ಲಿ ನೂರಾರು ವಿದ್ಯಾರ್ಥಿಗಳು ಕಿಕ್ಕಿರಿಯುತ್ತಿದ್ದ ಅವರ ಪಾಠಕ್ಕೆ ಇಲ್ಲಿ ಬೆರಳೆಣಿಕೆಯಷ್ಟು ಮಂದಿ ಬರುತ್ತಿದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಂಡಿಚಿಪ್ಪು ಎರಡಾಗಿ ಒಡೆದ ರೋಗಿಯೊಬ್ಬನಿಗೆ ಅವರು ಚರ್ಮವನ್ನು ಕೊಯ್ದು ಕೀಲನ್ನು ತೆರೆದು, ತುಂಡುಗಳನ್ನು ಬೆಳ್ಳಿಯ ತಂತಿಯಿಂದ ಬಿಗಿದರು. ಮುಚ್ಚಿದ ಮುರಿತವನ್ನು ಬೇಕೆಂದೇ ತೆರೆದ ಮುರಿತವನ್ನಾಗಿ ಮಾಡುವುದು ಅಂದಿನ ದೃಷ್ಟಿಯಲ್ಲಿ ಅಪರಾಧಕ್ಕೆ ಸಮ. ರೋಗಿ ಸತ್ತಿದ್ದರೆ ಲಿಸ್ಟರ್ ಅವರ ವೃತ್ತಿಯೇ ಮುಗಿಯುತ್ತಿತ್ತು. ಗಾಯ ಕೀವಾಗದೆ ಮಾಯಿತು; ಮಂಡಿ ಮಡಚಲು ಬಂದಿತು. ಇಂದು ಅಪಘಾತದ ರೋಗಿಗಳ ಮೂಳೆಗೆ ತಂತಿ, ಸಲಾಕೆ, ತಗಡುಗಳನ್ನು ಜೋಡಿಸುವ ಶಸ್ತ್ರಚಿಕಿತ್ಸೆಗೆ ದಾರಿ ತೆರೆದ ಕ್ರಮಗಳಲ್ಲಿ ಇದೂ ಒಂದು.

ಗಾಯಕ್ಕೆ ಕಾರ್ಬಾಲಿಕ್ ಆಮ್ಲ ಹಚ್ಚುವ ಪದ್ಧತಿ ಇಂದು ಉಳಿದಿಲ್ಲ. ಅದು ಜೀವಕೋಶಗಳನ್ನೂ ಸುಡುತ್ತದೆ. ಸೂಕ್ಷ್ಮಜೀವಿಗಳನ್ನು ಗಾಯದಲ್ಲಿ ಕೊಲ್ಲುವುದಕ್ಕಿಂತ, ಹಬೆಯಿಂದ ಶುದ್ಧಗೊಳಿಸಿದ ಉಪಕರಣ ಮತ್ತು ಬಟ್ಟೆಗಳಿಂದ ಅವು ಗಾಯದ ಬಳಿಗೇ ಬಾರದಂತೆ ಮಾಡುವ ಕ್ರಮವನ್ನು 1880ರ ದಶಕದಿಂದ ಜರ್ಮನಿಯ ವೈದ್ಯರು ಬೆಳೆಸಿದರು. ತೆರೆದ ಮುರಿತ ಮಾತ್ರ ಇಂದಿಗೂ ತುರ್ತು ಸ್ಥಿತಿಯೇ. ಅಂಥ ಗಾಯಾಳುವಿನ ಹೊರಬಂದ ಮೂಳೆಯನ್ನು ಒಳಕ್ಕೆ ತಳ್ಳದೆ, ಮಣ್ಣು, ಅರಿಶಿನ, ಕಾಫಿಪುಡಿ ಮುಂತಾದವನ್ನು ಹಚ್ಚದೆ, ಶುಭ್ರ ಬಟ್ಟೆಯಿಂದ ಮುಚ್ಚಿ, ಅಂಗ ಅಲುಗದಂತೆ ದಬ್ಬೆ ಕಟ್ಟಿ, 108ಕ್ಕೆ ಕರೆ ಮಾಡಿ ಬೇಗನೆ ಆಸ್ಪತ್ರೆಗೆ ತಲುಪಿಸತಕ್ಕದ್ದು. ಧನುರ್ವಾಯು ಚುಚ್ಚುಮದ್ದು ಮತ್ತು ಪ್ರತಿಜೀವಕ ಔಷಧವನ್ನು ವೈದ್ಯರು ಅಲ್ಲಿ ನೀಡುತ್ತಾರೆ.

ಗೌರವಗಳು ಮತ್ತು ಅಂತಿಮ ದಿನಗಳು

ಲಿಸ್ಟರ್ ಅವರಿಗೆ 1883ರಲ್ಲಿ ಬ್ಯಾರನೆಟ್ ಪದವಿಯೂ 1897ರಲ್ಲಿ ಲಾರ್ಡ್ ಪದವಿಯೂ ದೊರೆತವು. 1895ರಿಂದ 1900ರವರೆಗೆ ಅವರು ರಾಯಲ್ಸೊಸೈಟಿಯ ಅಧ್ಯಕ್ಷರಾಗಿದ್ದರು. 1902ರಲ್ಲಿ ಆರಂಭವಾದ ಆರ್ಡರ್ ಆಫ್ ಮೆರಿಟ್ ಗೌರವವನ್ನು ಮೊದಲು ಪಡೆದ ಹನ್ನೆರಡು ಮಂದಿಯಲ್ಲಿ ಅವರೂ ಒಬ್ಬರು. ಲಂಡನ್ನಿನ ರೋಗನಿರೋಧಕ ಸಂಶೋಧನಾ ಸಂಸ್ಥೆಗೆ 1903ರಲ್ಲಿ ಅವರ ಹೆಸರನ್ನಿಡಲಾಯಿತು. 1892ರ ಡಿಸೆಂಬರ್‌ನಲ್ಲಿ ಪ್ಯಾರಿಸ್ ನಗರದಲ್ಲಿ ಪಾಶ್ಚರ್ ಅವರ ಎಪ್ಪತ್ತನೆಯ ಹುಟ್ಟುಹಬ್ಬದ ಸಮಾರಂಭ ನಡೆದಾಗ ಲಿಸ್ಟರ್ ಅವರು ಭಾಗವಹಿಸಿ, ತಮ್ಮ ಕಾರ್ಯವೆಲ್ಲ ಪಾಶ್ಚರ್ ಅವರ ಸಂಶೋಧನೆಗೆ ಋಣಿಯೆಂದು ಸಾರಿದರು. ನಡೆಯಲು ಕಷ್ಟಪಡುತ್ತಿದ್ದ ಪಾಶ್ಚರ್ ಅವರು ಎದ್ದುಬಂದು ಅವರನ್ನು ಅಪ್ಪಿಕೊಂಡರು.

ಕೆಲವೇ ತಿಂಗಳುಗಳಲ್ಲಿ, 1893ರ ವಸಂತದಲ್ಲಿ, ಇಟಲಿಯ ರಾಪಾಲೊ ಎಂಬಲ್ಲಿ ಪ್ರವಾಸದಲ್ಲಿದ್ದಾಗ ಆಗ್ನೆಸ್ ಅವರು ನ್ಯುಮೋನಿಯಾದಿಂದ ನಿಧನರಾದರು. ದಂಪತಿಗಳಿಗೆ ಮಕ್ಕಳಿರಲಿಲ್ಲ. ಅನಂತರ ಲಿಸ್ಟರ್ ಅವರು ಚಿಕಿತ್ಸಾ ವೃತ್ತಿಯನ್ನೂ ಪ್ರಯೋಗಗಳನ್ನೂ ಬಹುಮಟ್ಟಿಗೆ ನಿಲ್ಲಿಸಿದರು.

1912ರ ಫೆಬ್ರವರಿ 10ರಂದು ಕೆಂಟ್ ಪ್ರಾಂತದ ವಾಲ್ಮರ್ ಎಂಬ ಕಡಲತೀರದ ಊರಿನಲ್ಲಿ, ತಮ್ಮ 84ನೆಯ ವಯಸ್ಸಿನಲ್ಲಿ, ಜೋಸೆಫ್ ಲಿಸ್ಟರ್ ಅವರು ನಿಧನರಾದರು. ರಾಷ್ಟ್ರದ ಗಣ್ಯರ ಸಮಾಧಿಗಳಿರುವ ವೆಸ್ಟ್‌ಮಿನ್‌ಸ್ಟರ್ ಆಬಿಯಲ್ಲಿ ಅವರಿಗೆ ಸ್ಥಳ ನೀಡಲು ಸಂಬಂಧಿಸಿದವರು ಸಿದ್ಧರಿದ್ದರು. ಆದರೆ ಲಿಸ್ಟರ್ ಅವರು ಮೊದಲೇ ತಿಳಿಸಿದ್ದ ಇಚ್ಛೆಯಂತೆ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಸ್ಮಶಾನದಲ್ಲಿ ಆಗ್ನೆಸ್ ಅವರ ಪಕ್ಕದಲ್ಲಿಯೇ ಅವರನ್ನು ಸಮಾಧಿ ಮಾಡಲಾಯಿತು.